ಶಶಿಕಿರಣನ ಜೀಪು ಸಂಸೆಗೆ ಹೊರಟದ್ದು

ಕಳಸದ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುವ ಶಶಿಕಿರಣನ ಜೀಪಿಗೆ ಸೆಲ್ಫ್ ಸ್ಟಾರ್ಟರ್ ಇರಲಿಲ್ಲ. ಮನೆ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟಿರುತ್ತಿದ್ದ. ಕಲ್ಲು ತೆಗೆದರೆ ಜೀಪು ಉರುಳುತ್ತಿತ್ತು, ಉರುಳಿದರೆ ಸ್ಟಾರ್ಟ್ ಆಗುತ್ತಿತ್ತು. ಹೊರಗಿನ ಬಲ ಬೀಳದೆ ನಿಂತದ್ದು ಹೊರಡುವುದಿಲ್ಲ, ಹೊರಟದ್ದು ನಿಲ್ಲುವುದಿಲ್ಲ, ಈ ಜಡತ್ವವನ್ನು ಮೀರುವಂಥದ್ದು ಕಟ್ಟುಕತೆಯಲ್ಲೂ ಸಿಗದು ಎಂದು ಕ್ಲಾಸಿನಲ್ಲಿ ಸಾರುತ್ತಿದ್ದ. ಮನೆಯಲ್ಲಿರುವ ತಾಯಿ ದೇವೀರಮ್ಮನನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅವತ್ತು ಸಂಸೆಗೆ ಹುಡುಗಿ ನೋಡಲು ಹೋಗಬೇಕಿತ್ತು. ವಯಸ್ಸು ನಲವತ್ತರ ಹತ್ತಿರ. ಹಿಂದೆ ಬಂದ ಸಂಬಂಧಗಳೆಲ್ಲ ತಪ್ಪಿಹೋಗಿದ್ದವು. ಈ ಕೃತಿಕಾ ಫೋನಿನಲ್ಲಿ ಅವನ ಜೋಕಿಗೂ ನಕ್ಕಿದ್ದಳು. ಅವಳು ತಪ್ಪಿಹೋಗಬಾರದೆಂದು ಅವನಿಗೆ ನಿಜವಾಗಿ ಆಸೆಯಿತ್ತು.

ಜೀಪು ಉರುಳತೊಡಗಿದ್ದೇ ಪಕ್ಕದ ಮನೆ ರುಕ್ಮಿಣಮ್ಮ ಬೇಲಿಯಾಚೆಯಿಂದ ಕೇಳಿದರು, “ಎಲ್ಲಿಗೆ ಹೊರಟ್ರಿ?”

“ನಿಲ್ಸೋ,” ಎಂದರು ಪಕ್ಕದ ಸೀಟಿನಲ್ಲಿದ್ದ ದೇವೀರಮ್ಮ. “ಹೊರಟೋರ್ನ ಎಲ್ಲಿಗೆ ಅಂತ ಕೇಳಿದ್ರೆ ಕೆಲ್ಸ ಕೆಡುತ್ತೆ. ಒಳಗೆ ಹೋಗಿ ನೀರು ಕುಡ್ದು ಹೊರಡಣ.”

“ಅಮ್ಮಾ, ಹೊತ್ತಾಗುತ್ತೆ!”

“ನಿಂಗೆ ಮದ್ವೆ ಆಗ್ಬೇಕೋ ಬ್ಯಾಡ್ವೋ?”

ನಿಲ್ಲಿಸಿದ. ಪ್ರಶ್ನೆಗೆ ತೂಕವಿಲ್ಲ, ಬಲವಿಲ್ಲ. ಅಷ್ಟು ದೊಡ್ಡ ಜೀಪು ಅದಕ್ಕೇ ನಿಂತುಬಿಟ್ಟಿತು.

ಪೇಟೆಯಲ್ಲಿ ಮೆಕ್ಯಾನಿಕ್ ಇನಾಯತುಲ್ಲಾ ಕೈಯೆತ್ತಿ, “ಎಲ್ಲಿಗೆ ಸಾರ್, ಬೆಳಗ್ಗೆನೇ?” ಎಂದ. ಮತ್ತೆ ನಿಂತು, ಅವನ ಗ್ಯಾರೇಜಿನಲ್ಲೇ ನೀರು ಕುಡಿದದ್ದಾಯಿತು. ಅಲ್ಲಿ ರಸ್ತೆ ಮಟ್ಟಸ. ತಳ್ಳಲು ನಾಲ್ಕು ಜನ ಓಡಿ ಬಂದರು. ಪಾಪ, ತಳ್ಳುವವರಿಗೆ ಯಾವ ಕಡೆಗೆಂದು ತಿಳಿಯಬೇಡವೇ? “ಎಲ್ಲಿಗೆ ಸಾರ್?” ಎಂದು ನಾಲ್ವರೂ ಕೇಳಿದರು. ದೇವೀರಮ್ಮ ಇನ್ನೊಂದು ಚೊಂಬು ತರಿಸಿದರು.

ಸಂಸೆ ಹತ್ತಿರ ಬರುವಾಗ ಮಧ್ಯಾಹ್ನವಾಗಿತ್ತು. ಶಶಿಕಿರಣನಿಗೆ ಹೊಟ್ಟೆ ತುಂಬ ನೀರು, ತಲೆ ತುಂಬ ಸಿಟ್ಟು. ತಿರುವಿನಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು ಕೊಡೆ ಅಡ್ಡ ಹಿಡಿದು, “ಎಲ್ಲಿಗೆ ಹೊರಟದ್ದು ನೀವು?” ಎಂದರು.

“ಎಲ್ಲಿಗಾದ್ರೂ ಹೋಗ್ತೀವಿ, ನಿಮಗ್ಯಾಕ್ರೀ? ದಾರೀಲಿ ನಿಂತು ಕಂಡೋರ್ನ ಕೇಳೋದೇ ಕೆಲ್ಸನಾ?” ಎಂದು ಕಿರುಚಿದವನು ವೇಗ ತಗ್ಗಿಸಲೇ ಇಲ್ಲ. ಹಿರಿಯರು ಚರಂಡಿಗೆ ಹಾರಿಕೊಂಡರು. ಅಂತೂ ಹೊರಟದ್ದು ನಿಲ್ಲಲಿಲ್ಲವಲ್ಲ ಎಂದು ಅವನಿಗೆ ಬಹಳ ಖುಷಿಯಾಯಿತು.

ಹುಡುಗಿಯ ಮನೆಯಂಗಳದಲ್ಲಿ ಜೀಪು ನಿಂತಾಗ ಬಾಗಿಲ ಸಂದಿಯಿಂದ ಕೃತಿಕಾ ನಕ್ಕಳು. ಅವಳ ತಾಯಿ ಹೊರಗೆ ಬಂದರು. “ಬನ್ನಿ ಬನ್ನಿ. ನಿಮ್ಗೆ ದಾರಿ ತಪ್ಪಿತೇನೋ ಅಂತ ಇವ್ರು ತಿರುವಿನ ಹತ್ರ ಕಾಯ್ತಾ ನಿಂತಿದ್ರು. ಸಿಗ್ಲಿಲ್ವಾ?”

ಶಶಿಕಿರಣನ ಗಂಟಲು ಅಷ್ಟು ನೀರು ಕುಡಿದೂ ಒಣಗಿತು. ಆ ಹೊತ್ತಿಗೆ ಕೆಸರು ಪಂಚೆಯ ಹಿರಿಯರು ಗೇಟು ದಾಟಿ ಬಂದರು. ಮುಖದಲ್ಲಿ ಕೋಪವೇನೂ ಇರಲಿಲ್ಲ.

“ಇವ್ರನ್ನ ನಿಲ್ಲಿಸ್ಕೋಬೇಡ ಕಣೆ,” ಎಂದರು ಹೆಂಡತಿಗೆ. “ಬೇರೆ ಎಲ್ಲಿಗೋ ಹೊರಟೋರು.”

ಶಶಿಕಿರಣ ನಾಚಿಕೆಯಿಂದ ಜೀಪು ಹತ್ತಿ, ಸೆಲ್ಫ್ ಇಲ್ಲದ್ದನ್ನೂ ಮರೆತು ಕೀಲಿ ತಿರುಗಿಸಿದ. ಸದ್ದೇ ಇಲ್ಲ. ಹಿರಿಯರು ಕೊಡೆಯನ್ನು ಜಗಲಿಯ ಮೇಲಿಟ್ಟು, ಪಂಚೆ ಎತ್ತಿ ಕಟ್ಟಿ, ಹಿಂದಕ್ಕೆ ಬಂದು ಜೀಪಿಗೆ ಹೆಗಲು ಕೊಟ್ಟರು.