ಬೂದಿಯ ಬೆನ್ನಿನ ಡಬ್ಬಿ

ನನಗೆ ಯಾರ ಮೇಲೂ ನಂಬಿಕೆ ಬರುವುದಿಲ್ಲ. ಕಸುಬೇ ಹಾಗೆ. ವಾಕಡದ ಅಂಗಡಿಯೊಂದರಲ್ಲಿ ಟೆಂಪೋಗಳಿಗೆ ಜಿಪಿಎಸ್ ಕೂರಿಸುತ್ತೇನೆ. ಡ್ರೈವರ್ ಎಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿದ ಎಂಬುದನ್ನು ಮಾಲೀಕ ಮನೆಯಲ್ಲೇ ಕೂತು ನೋಡಬಹುದು. ನಾನು ಓದಿದ್ದು ಏಳನೇ ಕ್ಲಾಸು. ಆದರೆ ವೈರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ. ಈ ಸೊಕ್ಕೇ ನನ್ನ ಪಾರಿವಾಳಕ್ಕೆ ಮುಳುವಾಯಿತು.

ದೇಹೂ ರೋಡಿನ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಆರು ಪಾರಿವಾಳ ಸಾಕಿದ್ದೇನೆ. ಅವುಗಳಲ್ಲಿ ಬೂದಿ ಎಂಬ ಹೆಣ್ಣು ಹಕ್ಕಿ ಎಂದರೆ ನನಗೆ ಜೀವ. ಬೆಳಿಗ್ಗೆ ಬಿಟ್ಟರೆ ಸಾಸಿವೆಯಷ್ಟು ಕಾಣುವವರೆಗೆ ಮೇಲೇರುತ್ತಾಳೆ. ಈಚೆಗೆ ಮಾತ್ರ, ಉಳಿದವು ಇಳಿದು ಒಂದು ತಾಸಾದರೂ ಅವಳ ಪತ್ತೆ ಇರುತ್ತಿರಲಿಲ್ಲ. ಹಿಂದಿನ ಗಲ್ಲಿಯಲ್ಲಿ ಪಾರಿವಾಳ ಸಾಕಿರುವ ಬಾಪೂ ಕಾಕಾ ಸಜ್ಜೆ ಚೆಲ್ಲಿ ಕರೆಯುತ್ತಿದ್ದಾರೆಂದು ನನಗೆ ಗುಮಾನಿ. ಪಾರಿವಾಳ ಹಾರಿಸುವವರಲ್ಲಿ ಒಂದು ಕಟ್ಟಳೆ ಇದೆ. ಹಕ್ಕಿ ಯಾರ ಗೂಡಿಗೆ ಹಾರಿ ಹೋಗಿ ಕೂತಿತೋ ಅವರದೇ. ವಾಪಸ್ ಕೇಳಲು ಹೋಗುವುದು ಮರ್ಯಾದೆಯಲ್ಲ.

ಅದಕ್ಕೇ ಬೈಕಿಗೆ ಹಾಕುವ ಜಿಪಿಎಸ್ ತಂದೆ. ಬೆಂಕಿಪೊಟ್ಟಣದಷ್ಟು ಡಬ್ಬಿ. ಹಳೇ ಚಡ್ಡಿಯ ಎಲಾಸ್ಟಿಕ್‌ನಿಂದ ಬೂದಿಯ ಬೆನ್ನಿಗೆ ಕಟ್ಟುತ್ತಿದ್ದೆ. ಹೆಂಡತಿ ಗಂಗಾ ಏಳು ತಿಂಗಳ ಬಸುರಿ. ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು.

“ಏನ್ರೀ ಇದು, ಭಾರ ಆಗಂಗಿಲ್ಲೇನು ಅದಕ್ಕ?”

“ಹೇ, ಏನ್ ಭಾರ? ಕಿಸೇದಾಗ ಇಟ್ರ ಗೊತ್ತ ಆಗಂಗಿಲ್ಲ.”

“ನಿಮ್ಮ ಕಿಸೆ ಹಾರತದೇನು?”

ಎಲಾಸ್ಟಿಕ್‌ಗೆ ಇನ್ನೊಂದು ಗಂಟು ಬಿಗಿದೆ. ಬೂದಿಯನ್ನು ಮೇಲಕ್ಕೆ ತೂರಿದೆ. ಅವಳು ರೆಕ್ಕೆ ಬಡಿದಳು, ವಾಲಿದಳು, ನೀರಿನ ಟಾಕಿಯ ಎತ್ತರಕ್ಕೂ ಏರಲಾರದೆ ಹಿಂದಿನ ಗಲ್ಲಿಯ ಕಡೆ ಜಾರಿದಳು. ಫೋನು ತೆಗೆದೆ. ಡಬ್ಬಿ ಭಾಳ ಪ್ರಾಮಾಣಿಕ. ನೀಲಿ ಚುಕ್ಕೆ ನೆಟ್ಟಗೆ ಬಾಪೂ ಕಾಕಾರ ತಾರಸಿಯ ಮೇಲಿತ್ತು. ಕಳ್ಳನನ್ನು ಹಿಡಿಯಲು ಹೋಗಿ ನಾನೇ ಮಾಲು ತಲುಪಿಸಿದ್ದೆ.

ಮರ್ಯಾದೆ ಬಿಟ್ಟು ಓಡಿದೆ. ಕಾಕಾ ನಿಪ್ಪಾಣಿ ಕಡೆಯವರು, ನಮ್ಮ ಹಾಗೆ ದುಡಿಯಲು ಈ ಮರಾಠಿ ಊರಿಗೆ ಬಂದ ಕನ್ನಡದವರೇ. ಎಲಾಸ್ಟಿಕ್ ಕತ್ತರಿಸಿ, ಬೂದಿಯನ್ನು ಎದೆಗೊತ್ತಿಕೊಂಡು ನೀರು ಕುಡಿಸುತ್ತಿದ್ದರು. ಅವಳ ರೆಕ್ಕೆಯ ಬುಡದಲ್ಲಿ ಗರಿ ಕಿತ್ತು ಚರ್ಮ ಕೆಂಪಾಗಿತ್ತು.

“ಕಾಕಾ, ಈಗ ಇದು ನಿಮ್ದು,” ಎಂದೆ.

“ಹುಚ್ಚ ಅದೀ ಏನಲೇ? ಹಾರಿ ಬಂದ್ರ ನಂದು. ಇದು ಹಾರಿ ಬಂದಿಲ್ಲ, ಬಿದ್ದದ. ಬಿದ್ದದ್ದ ಇಟ್ಕೊಳ್ಳಾಕ ನಾ ಏನ್ ಗುಜರಿಯಂವಾ? ತಗೊಂಡ ಹೋಗು. ಅರಿಶಿಣ ಹಚ್ಚು. ಎಂಟ ದಿನ ಹೊರಗ ಬಿಡಬ್ಯಾಡ.”

“ಮತ್ತ ದಿನಾ ಇಲ್ಲಿಗೇ ಬರ್ತಿತ್ತಲ್ಲ?”

“ಇವತ್ತ ಮೊದಲನೇ ಸಲ ನೋಡಿದ್ದೋ ಮಾರಾಯಾ!”

ಒಂಬತ್ತನೇ ದಿನ ಬಿಟ್ಟೆವು. ಏರಿದಳು, ಏರುತ್ತಲೇ ಹೋದಳು, ಕಣ್ಮರೆಯಾದಳು. ಆ ಒಂದು ತಾಸು ನಾನು ತಾರಸಿ ಬಿಟ್ಟು ಇಳಿಯಲಿಲ್ಲ. ಕೊನೆಗೆ ಬಂದಳು. ಎಲ್ಲಿಗೆ ಹೋಗಿದ್ದಳೋ, ಇಂದಿಗೂ ಗೊತ್ತಿಲ್ಲ. ಅಂಗೈಯಲ್ಲಿ ಕಾಳು ಹಿಡಿದೆ. ನನ್ನ ಕೈ ನೋಡಿದಳು, ಮುಖ ನೋಡಿದಳು, ಹೋಗಿ ಗಂಗಾಳ ಹೆಗಲ ಮೇಲೆ ಕೂತಳು. ಈಗ ಕಾಳು ಹಾಕುವುದು ಗಂಗಾ. ನನಗೆ ಉಳಿದದ್ದು ಗೂಡಿನ ಹಿಕ್ಕೆ ಬಳಿಯುವ ಕೆಲಸ, ಅದೂ ಬೂದಿ ಹೊರಗೆ ಹೋಗಿದ್ದಾಗ ಮಾತ್ರ.