ಕಡಲಿಗೆ ಹೆದರುವ ಕಡಲ ಮಗ

ನನ್ನ ತಂಗಿಯ ಗಂಡನಷ್ಟು ಧೈರ್ಯವಂತರನ್ನು ನಾನು ಕಂಡಿಲ್ಲ. ಇಷ್ಟೊಂದು ಸಂಗತಿಗಳಿಗೆ ಹೆದರಿಕೊಂಡೂ ಐವತ್ತು ವರ್ಷ ಬದುಕುವುದೆಂದರೆ ಸಾಮಾನ್ಯ ಸಾಹಸವೇ! ಗುಡುಗು, ಹಲ್ಲಿ, ಗ್ಯಾಸ್ ಸಿಲಿಂಡರು, ಇವು ಕಿರಿಯ ಭಯಗಳು. ಹಿರಿಯ ಭಯ ಕಡಲು. ಕೋಟೇಶ್ವರದಲ್ಲಿ ಮೀನಿನ ವ್ಯಾಪಾರ ಮಾಡುವ ಭಾವನಿಗೆ ಮೀನಿನ ಪರಿಚಯವಾಗುವುದು ಅದು ದಡಕ್ಕೆ ಬಂದು ಮಂಜುಗಡ್ಡೆಯ ಪೆಟ್ಟಿಗೆ ಸೇರಿದ ಮೇಲೆಯೇ. ಬೈಂದೂರಿಗೆ ಹೋಗುವಾಗ ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಹೊಳೆ. ಯಾವ ಸೀಟೂ ಕ್ಷೇಮವಲ್ಲವೆಂದು ಅವರು ಬಸ್ಸಿನ ನಟ್ಟನಡುವೆ ಎದ್ದು ನಿಲ್ಲುತ್ತಿದ್ದರು.

ಇಂಥವರಿಗೆ ಒಂದು ಪಕ್ಷ ವಿಧಾನಸಭೆಯ ಟಿಕೆಟು ಕೊಟ್ಟಿತು. ಎರಡು ಬಣಗಳು ಕಾದಾಡಿ, ಯಾರಿಗೂ ತೊಂದರೆ ಕೊಡದ ಮೂರನೆಯವರನ್ನು ಹುಡುಕಿದ್ದರ ಫಲವಿದು. ಭಾವ ಪಂಚಾಯತಿಯ ಸಭೆಯಲ್ಲೂ ಬಾಯಿ ತೆರೆದವರಲ್ಲ. ಅನುಭವವೇನು ಎಂದು ಪ್ರಚಾರದ ಉಸ್ತುವಾರಿಯನ್ನು ಕೇಳಿದೆ. ಬೆಂಗಳೂರಿನಿಂದ ಬಂದಿದ್ದ ಆತ, "ಅನುಭವ ಯಾಕೆ ಸಾರ್? ಇಮೇಜ್ ಇದ್ರೆ ಸಾಕು. ಅದನ್ನ ನಾವು ಮಾಡ್ಕೊಡ್ತೀವಿ" ಎಂದ.

ಮಾಡಿಯೂ ಕೊಟ್ಟರು. ಮೊದಲು, ಉದುರಿಹೋಗಿದ್ದ ಎರಡು ಮುಂದಿನ ಹಲ್ಲು ಕಟ್ಟಿಸಿದರು. ಆಮೇಲೆ 'ಕಡಲ ಮಗ' ಎಂದು ಗೋಡೆಗೋಡೆಗೂ ಪೋಸ್ಟರು ಅಂಟಿಸಿದರು. ಕೊನೆಗೆ, ಅಭ್ಯರ್ಥಿಯು ದೋಣಿಯಲ್ಲಿ ನಿಂತು ಬೀಸುಬಲೆ ಎಸೆಯುವ ಚಿತ್ರ ಬೇಕು, ಅಲ್ಲಿಂದಲೇ ದಡದ ಸಭೆಗೆ ಬಂದಿಳಿಯಬೇಕು ಎಂದರು.

ತಂಗಿ ನನ್ನ ಮನೆಗೆ ಓಡಿ ಬಂದಳು. "ಅಣ್ಣಯ್ಯ, ಇವ್ರಿಗೆ ಈಜುಕೆ ಬತ್ತಿಲ್ಲೆ. ಎರಡ್ ದಿನದಿಂದ ಸಮಾ ಉಣ್ತಿಲ್ಲೆ. ನೀವಾದ್ರೂ ಒಟ್ಟಿಗೆ ದೋಣಿಗ್ ಹೋಯ್ನಿ."

"ಆತಿಲ್ಲೆ ಅಂತ ಹೇಳ್ಲಿ ಕಾಂಬ," ಎಂದೆ.

"ಹೇಳುಕೂ ಹೆದ್ರಿಕಿ ಅಂಬ್ರ್."

ಹೋದೆ. ದೋಣಿ ಅಲೆಯೇರಿದಾಗಲೆಲ್ಲ ಭಾವ ನನ್ನ ತೋಳಿಗೆ ಉಗುರೂರಿದರು. ಎಸೆದಾಗ ಬಲೆ ಅಗಲವಾಗಿ ಹರಡಲೆಂದು ದೋಣಿಯವನು ಅದರ ಒಂದಂಚನ್ನು ಅವರ ಹಲ್ಲಿಗೆ ಕಚ್ಚಿಸಿ, "ಹ್ವಾಯ್, ಕೈ ಬಿಟ್ಟ್ ಕೂಡ್ಲೆ ಹಲ್ಲೂ ಬಿಡ್ಕ್" ಎಂದು ಎರಡು ಸಲ ಹೇಳಿದ. ಆದರೆ ಹೆದರಿದವರು ಹಲ್ಲು ಬಿಗಿಯುತ್ತಾರೆಯೇ ಹೊರತು ಸಡಿಲಿಸುತ್ತಾರೆಯೇ? ಬಲೆ ಹಾರಿತು, ಪಕ್ಷ ಕಟ್ಟಿಸಿದ ಹಲ್ಲುಗಳೂ ಅದರ ಹಿಂದೆಯೇ ಹಾರಿದವು. ಭಾವ ಮುಗ್ಗರಿಸಿದರು. ಅವರ ಮೇಲೆ ಒಂದು ಅಲೆ ಬಿದ್ದಿತು. ಅವರು ದೋಣಿಯೊಳಗಿದ್ದಾರೆಯೋ ಹೊರಗೋ ಒಂದು ಕ್ಷಣ ತಿಳಿಯಲಿಲ್ಲ. ತಂಗಿಗೆ ಹೇಳಬೇಕಾದ ವಾಕ್ಯವನ್ನು ಜೋಡಿಸತೊಡಗಿದೆ. ಜೀವನದಲ್ಲಿ ಮೊದಲ ಬಾರಿಗೆ ನನಗೆ, 'ನಿನ್ನ ಗಂಡ' ಎಂಬುದರ ಮುಂದೆ ಹಾಕಲು, ಕ್ರಿಯಾಪದ ಸಿಗಲಿಲ್ಲ. ಅಷ್ಟರಲ್ಲಿ ನನ್ನ ಕಾಲ ಬಳಿ ಯಾರೋ ಕೆಮ್ಮಿದರು. ಭಾವ!

ದಡದಲ್ಲಿ ಉಸ್ತುವಾರಿ ಪಿಸುಗುಟ್ಟಿದ: "ಬಾಯಿ ಮಾತ್ರ ತೆರೀಬೇಡಿ ಸಾರ್. ಕೈ ಬೀಸಿ ಸಾಕು."

ಮೈಕು ಕೈಗೆ ಬಂದಿತು. ನೀರು ತೊಟ್ಟಿಕ್ಕುತ್ತ, ಗಡಗಡ ನಡುಗುತ್ತ ಭಾವ ಬಾಯಿ ತೆರೆದೇಬಿಟ್ಟರು.

"ಆ ಪೋಸ್ಟರ್ ಸುಳ್ಳ್. ನಂಗೆ ಕಡಲ್ ಕಂಡ್ರೆ ಹೆದ್ರಿಕಿ. ಇಲ್ಲ ಅಂಬುಕೆ ಧೈರ್ಯ ಬರ್ಲಿಲ್ಲ, ಹಾಂಗಾಯಿ ಒಪ್ಕಂಡೆ."

ಈಗ ನಗುತ್ತಾರೆ ಎಂದು ನಾನು ತಲೆ ತಗ್ಗಿಸಿದೆ. ಯಾರೂ ನಗಲಿಲ್ಲ. ಮುಂದಿನ ಸಾಲಿನಿಂದ ಮೀನು ಮಾರುವ ಮುದುಕಿಯೊಬ್ಬಳು ಎದ್ದು ಬಂದು, ತನ್ನ ಹೆಗಲ ಬೈರಾಸಿನಿಂದ ಭಾವನ ತಲೆ ಒರೆಸತೊಡಗಿದಳು.

"ಸುಮ್ನೆ ನಿಲ್ಲ್ ಮಗ, ಶೀತ ಆತ್ತ್," ಎಂದಳು. "ನನ್ ಮೂರ್ ಮಕ್ಳೂ ಕಡಲಿಗ್ ಹೋತ್ರ್. ಅವ್ರ್ ತಿರ್ಗಿ ಬಪ್ಪ ವರೆಗೂ ನಂಗೂ ದಿನಾ ಹೀಂಗೇ ನಡ್ಗತ್ತ್."