ಕಾರ್ ಶೆಡ್ಡಿನ ಕಂಪನಿಯೂ ನಮ್ಮ ನಾಲ್ಕನೆಯ ಕೈಯೂ

ದೊಡ್ಡ ಕಂಪನಿ ಕಟ್ಟುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಬೇಕೆಂದು ಕಲಿತ ವಿದ್ಯೆಯಲ್ಲ. ನನ್ನ ಅಡುಗೆಮನೆಯ ಕಿಟಕಿ ಕಾರ್ ಶೆಡ್ಡಿನ ಕಡೆಗೆ ತೆರೆಯುತ್ತದೆ, ಶೆಡ್ಡಿನಲ್ಲಿ ಒಂದು ಕಂಪನಿ ಇದೆ, ಕಂಪನಿಯವರಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ಹುಳಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಒಂದು ವಿಷನ್, ಮಜ್ಜಿಗೆ ಕಡೆಯುವಷ್ಟರಲ್ಲಿ ಒಂದು ಮಿಷನ್ ಕಿವಿಗೆ ಬಿದ್ದಿರುತ್ತದೆ. ನಮ್ಮ ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ಆಂಬಿಷನ್ ಎಂಬ ಶಬ್ದವನ್ನು ಮೀಸಲ್ಸ್, ಅಂದರೆ ದಡಾರ, ಎಂಬಂತೆ ಉಚ್ಚರಿಸುತ್ತಿದ್ದರು. ಒಳ್ಳೆಯ ಮನೆತನದ ಹುಡುಗಿಯರು ಅದನ್ನು ಚಿಕ್ಕಂದಿನಲ್ಲೇ ಅನುಭವಿಸಿ ಮುಗಿಸಿಬಿಡಬೇಕು, ದೊಡ್ಡವರಾದ ಮೇಲೆ ತಗುಲಿದರೆ ಬಹಳ ಕಷ್ಟ ಎಂಬುದು ಅವರ ಅಭಿಪ್ರಾಯ. ಶೆಡ್ಡಿನವರಿಗೆ ಮೂವತ್ತು ದಾಟಿದ ಮೇಲೆ ತಗುಲಿದೆ.

ಕಂಪನಿಯ ಒಡೆಯ ತೇಜಸ್, ನನ್ನ ಅಕ್ಕನ ಮೊಮ್ಮಗ. ಒಡೆಯ ಎನ್ನಬಾರದಂತೆ, ಫೌಂಡರ್ ಎನ್ನಬೇಕಂತೆ. ಅವನ ಜೊತೆಗೆ ಮೇಘಾ ಎಂಬ ಶ್ರೀರಾಂಪುರದ ಹುಡುಗಿ ಇನ್ನೊಬ್ಬ ಫೌಂಡರ್. ಇಬ್ಬರೂ ಒಂದು ಭಾನುವಾರ ಬಂದು ಶೆಡ್ಡು ಬೇಕೆಂದರು. ನಮ್ಮದು ಬಸವನಗುಡಿಯ ಹಳೆಯ ಮನೆ; ಮಹಡಿಯ ಮೇಲೆ ಎರಡು ಕೋಣೆ ಖಾಲಿ ಬಿದ್ದಿವೆ. ಫ್ಯಾನಿದೆ, ಬಾತ್‌ರೂಮಿದೆ, ಕಿಟಕಿ ತೆರೆದರೆ ಸಂಪಿಗೆ ಮರವಿದೆ. ಅದನ್ನೇ ಕೊಡುತ್ತೇನೆ ಎಂದೆ.

"ಬೇಡ ಅಜ್ಜಿ, ಗರಾಜೇ ಬೇಕು."

"ಅಲ್ವೋ, ಬೇಸಿಗೇಲಿ ಆ ಶೀಟ್ ಕೆಳಗೆ ಕೂತ್ರೆ ಬೋಂಡದ ಥರ ಬೆಂದು ಹೋಗ್ತೀರಿ."

"ಪ್ರಪಂಚದ ದೊಡ್ಡ ದೊಡ್ಡ ಕಂಪನಿಗಳೆಲ್ಲಾ ಗರಾಜಲ್ಲೇ ಶುರುವಾಗಿದ್ದು. ರೂಮಲ್ಲಿ ಶುರು ಮಾಡ್ಬಿಟ್ರೆ ನಾಳೆ ಇಂಟರ್‌ವ್ಯೂನಲ್ಲಿ ಏನಂತ ಹೇಳ್ಲಿ?"

ಕಂಪನಿ ಇನ್ನೂ ಹುಟ್ಟಿರಲಿಲ್ಲ; ಹುಟ್ಟಿದ ಕಥೆ ಸಿದ್ಧವಾಗಿತ್ತು. ಇದು ನಾನು ಕಲಿತ ಮೊದಲ ಪಾಠ.

ನಗುವ ಹಕ್ಕು ನನಗಿರಲಿಲ್ಲ ಅನ್ನಿ. ಕಾರು ಹೋದ ಮೇಲೆ ಆ ಶೆಡ್ಡು ನಮ್ಮ ಇಸ್ಪೀಟಿನ ಕ್ಲಬ್ಬು. ನಾನು, ಪಕ್ಕದ ಕ್ರಾಸಿನ ಪದ್ಮ, ಚಾಮರಾಜಪೇಟೆಯಿಂದ ಆಟೋದಲ್ಲಿ ಬರುವ ನನ್ನ ಕಾನ್ವೆಂಟಿನ ಗೆಳತಿ ಲಿಲ್ಲಿ, ಹನುಮಂತನಗರದ ನಾಗರತ್ನ. ಮಧ್ಯಾಹ್ನ ಮೂರು ಗಂಟೆಗೆ ಕೂತರೆ ದೀಪ ಹಚ್ಚುವ ಹೊತ್ತಿಗೆ ಏಳುವುದು. ಮನೆಯೊಳಗೆ ಎಲೆ ಮುಟ್ಟಬಾರದೆಂದು ನನ್ನ ಅತ್ತೆಯವರು ಕಟ್ಟಪ್ಪಣೆ ಮಾಡಿದ್ದರು. ಅವರು ತೀರಿಕೊಂಡು ಎಷ್ಟೋ ಕಾಲವಾಯಿತು, ಅಪ್ಪಣೆ ಮಾತ್ರ ಗಟ್ಟಿಮುಟ್ಟಾಗಿದೆ. ಮನೆ ತುಂಬ ಕೋಣೆಗಳಿದ್ದೂ ನಾವು ನಾಲ್ವರು ಮುದುಕಿಯರು ಶೆಡ್ಡಿನಲ್ಲಿ ಬೆವರುತ್ತಾ ಆಡುತ್ತಿದ್ದೆವು. ಈಗ ಅದೇ ಶೆಡ್ಡಿಗೆ ಇವರು ಬೇರೆ ದೇವರ ಹೆಸರಿನಲ್ಲಿ ಬೆವರಲು ಬಂದರು.

ನಾವು ಊಟದ ಮನೆಗೆ ವಲಸೆ ಹೋದೆವು. ಅತ್ತೆಯವರ ಫೋಟೋ ನೇರ ಎದುರಿಗೆ. ಲಿಲ್ಲಿ ಎಲೆ ಹಂಚುವ ಮೊದಲು "ಸಾರಿ ಆಂಟಿ" ಎಂದು ಫೋಟೋಗೆ ಹೇಳಿ ಶಿಲುಬೆಯ ಗುರುತು ಮಾಡಿಕೊಂಡಳು. ನಾವು ಆಡುವುದು ಇಪ್ಪತ್ತೆಂಟು. ಇದರಲ್ಲಿ ರಾಜನಿಗೂ ರಾಣಿಗೂ ಕಿಮ್ಮತ್ತಿಲ್ಲ, ಗುಲಾಮನೇ ಎಲ್ಲರಿಗಿಂತ ದೊಡ್ಡವನು. ಇಬ್ಬಿಬ್ಬರ ಜೋಡಿ, ನನಗೆ ಪದ್ಮ ಪಾರ್ಟ್‌ನರ್. ಕೈಯಲ್ಲಿ ಗುಲಾಮನಿದ್ದರೆ ಅವಳು ಮೂಗುಬೊಟ್ಟು ಮುಟ್ಟಿಕೊಳ್ಳುತ್ತಾಳೆ, ನಾನು ಕನ್ನಡಕ ಒರೆಸುತ್ತೇನೆ. ಲಿಲ್ಲಿಗೂ ನಾಗರತ್ನಳಿಗೂ ಇದು ಗೊತ್ತು. ಅವರದೂ ನಮಗೆ ಗೊತ್ತು. ಆದರೆ ನಾಲ್ಕು ಕೈ ಇಲ್ಲದೆ ಈ ಆಟವಿಲ್ಲ. ಒಬ್ಬಳಿಗೆ ನೆಗಡಿ ಬಂದರೂ ಉಳಿದ ಮೂವರು ಬರೀ ಮುದುಕಿಯರು.

ಕಂಪನಿಯ ಐಡಿಯಾ ಕೇಳಿ. ಹೆಸರು ಅಜ್ಜಿಫೈ. ಮನೆಯಲ್ಲಿ ಅಜ್ಜಿ ಇಲ್ಲದವರಿಗೆ ಫೋನಿನಲ್ಲಿ ಅಜ್ಜಿ. ಮಗು ಅತ್ತರೆ, ಸಾರು ಉಪ್ಪಾದರೆ, ಅತ್ತೆ ಸಿಟ್ಟಾದರೆ ಒತ್ತಿ ಕರೆದರೆ ಅಜ್ಜಿ ಬಂದು ಸಮಾಧಾನ ಹೇಳಬೇಕು. ಮೊದಲ ಅಜ್ಜಿ ನಾನೇ ಎಂದುಕೊಂಡು ಒಳ್ಳೆಯ ಮೈಸೂರು ರೇಷ್ಮೆ ಉಟ್ಟು ಶೆಡ್ಡಿಗೆ ಹೋದೆ. ತೇಜಸ್ ಫೋನು ಹಿಡಿದು, "ಅಜ್ಜಿ, ಮಗುಗೆ ಹೊಟ್ಟೆನೋವು, ಏನ್ ಮಾಡ್ಲಿ?" ಎಂದ.

"ಕನ್ಸಲ್ಟ್ ಎ ಪೀಡಿಯಾಟ್ರಿಷನ್," ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಮೇಘಾ ಸಂಕೋಚದಿಂದ, "ನೀವು ಅಜ್ಜೀನೇ, ಆದ್ರೆ ಅಜ್ಜಿ ಥರ ಕೇಳಿಸಲ್ಲ. ಸ್ವಲ್ಪ ಪ್ರಿನ್ಸಿಪಾಲ್ ಥರ ಕೇಳಿಸ್ತೀರ. ನಮಗೆ ಆಥೆಂಟಿಕ್ ಬೇಕು," ಎಂದಳು.

ಆಥೆಂಟಿಕ್ ಆಗಿ ಆಯ್ಕೆಯಾದವಳು ಪದ್ಮ. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ರಿಟೈರಾದವಳು. ಅವಳ ಮನೆಯಲ್ಲಿ ಸಾರು ಮಾಡಿದ್ದು ಅಡುಗೆಯವರು, ಮಗಳನ್ನು ಬೆಳೆಸಿದ್ದು ಅವಳ ತಾಯಿ. ಓಂಕಾಳು ಯಾವುದು, ಜೀರಿಗೆ ಯಾವುದು ಎಂದು ಇವತ್ತಿಗೂ ಮೂಸಿಯೇ ಹೇಳಬೇಕು. ಆದರೆ ಬೆಳ್ಳಿಯಂಥ ತುರುಬಿದೆ, ಎರಡು ಮೂಗುಬೊಟ್ಟಿವೆ, ಸಾಲ ಕೊಡುವುದಿಲ್ಲ ಎಂಬುದನ್ನು ಸಿಹಿಯಾಗಿ ಹೇಳಿ ಹೇಳಿ ಪಳಗಿದ ಗಂಟಲಿದೆ. "ಏನೂ ಆಗಲ್ಲ ಪುಟ್ಟಾ, ಓಂಕಾಳು ನೀರು ಕುಡಿಸಿ ದೃಷ್ಟಿ ತೆಗೀ" ಎಂದು ಅವಳು ಹೇಳಿದ್ದಕ್ಕೆ ತೇಜಸ್ "ಗೂಸ್‌ಬಂಪ್ಸ್ ಮಗಾ!" ಎಂದು ಮೇಘಾಳ ಕೈಗೆ ಕೈ ತಟ್ಟಿದ. ಗೊತ್ತಿಲ್ಲದಿದ್ದರೂ ಗೊತ್ತಿದೆ ಎಂಬಂತೆ ನಡೆದುಕೊಳ್ಳಬೇಕು, ಗೊತ್ತಾಗುವವರೆಗೆ ನಡೆದುಕೊಳ್ಳುತ್ತಲೇ ಇರಬೇಕು. ಫೌಂಡರುಗಳೆಲ್ಲ ಒಪ್ಪುವ ಪಾಠವಂತೆ ಇದು. ನಾವು ಇದಕ್ಕೆ ಬೇರೆ ಹೆಸರಿಟ್ಟಿದ್ದೆವು, ಅದಕ್ಕೇ ನಮ್ಮ ಕಾಲದಲ್ಲಿ ಕಂಪನಿಗಳು ಆಗಲಿಲ್ಲ.

ಅಲ್ಲಿಗೆ ನಮ್ಮ ಆಟ ನಿಂತಿತು. ಮಗುವನ್ನು ಮಲಗಿಸಿ ತಾಯಂದಿರು ಅಜ್ಜಿಗೆ ಫೋನು ಮಾಡುವುದು ಮಧ್ಯಾಹ್ನ ಮೂರಕ್ಕೇ ಅಂತೆ, ಪೀಕ್ ಅವರ್. ಮೊದಲ ವಾರ ನಾವು ಮೂವರೇ ಕೂತು ಪದ್ಮಳ ಎಲೆಗಳನ್ನು ಮಗುಚಿ ಹಾಕಿಕೊಂಡು ಆಡಿದೆವು. ಶ್ರಾದ್ಧದ ಎಲೆಯೆದುರು ಕೂತ ಹಾಗಿತ್ತು. ಆಮೇಲೆ ಲಿಲ್ಲಿಗೆ ಆಟೋ ಸಿಗುವುದು ಕಷ್ಟವಾಯಿತು, ನಾಗರತ್ನಳಿಗೆ ಧಾರಾವಾಹಿಯ ಮರುಪ್ರಸಾರ ಶುರುವಾಯಿತು. ಈ ವಯಸ್ಸಿನಲ್ಲಿ ಸ್ನೇಹ ಮುರಿಯಲು ಜಗಳ ಬೇಕಿಲ್ಲ, ಎರಡು ವಾರ ಗ್ಯಾಪ್ ಸಾಕು. ಆಮೇಲೆ ತೀರಿಕೊಂಡ ಸುದ್ದಿಯನ್ನೇ ಯಾರಾದರೂ ಸಂಬಂಧಿಕರು ಫೋನು ಮಾಡಿ ತಿಳಿಸುತ್ತಾರೆ. ನನಗೆ ದಿಗಿಲಾಯಿತು.

ಗಿರಾಕಿಯ ಜೊತೆ ನೇರವಾಗಿ ಮಾತಾಡಿ ಎಂದು ತೇಜಸ್ ದಿನಾ ಕೂಗುತ್ತಿದ್ದ. ನಾನೇ ಗಿರಾಕಿಯಾದೆ. ಅನನ್ಯಾ, ವೈಟ್‌ಫೀಲ್ಡ್ ಎಂದು ಹೆಸರು ಕೊಟ್ಟು, ಕ್ಯಾಮೆರಾ ಮುಚ್ಚಿ, ಅಡುಗೆಮನೆಯಿಂದಲೇ ಕರೆ ಮಾಡಿದೆ.

"ಹೇಳು ಪುಟ್ಟಾ, ಮಗು ಅಳ್ತಿದ್ಯಾ?"

"ನೋ ಅಜ್ಜಿ," ಎಂದೆ ಎಳೆಯ ಧ್ವನಿಯಲ್ಲಿ. "ಮೈ ಫ್ರೆಂಡ್ ಹ್ಯಾಸ್ ಲೆಫ್ಟ್ ಮೀ. ತುಂಬಾ ಹಳೇ ಫ್ರೆಂಡ್."

ಪದ್ಮಳ ಪಿಸುಮಾತು: "ವಿಮಲಾ, ನಿನ್ನ ಕುಕ್ಕರ್ ಕೂಗಿದ್ದು ಫೋನಲ್ಲೂ ಕೇಳಿಸ್ತು, ಕಿಟಕೀಲೂ ಕೇಳಿಸ್ತು. ಇದೆಲ್ಲಾ ರೆಕಾರ್ಡ್ ಆಗುತ್ತೆ ಕಣೆ. ಮಗು ವಿಷಯ ಏನಾದ್ರೂ ಕೇಳು."

"ಮಗು ಇಸ್ಪೀಟಿಗೆ ಯಾವಾಗ ಬರುತ್ತೆ?"

"ಮಗುಗೆ ವರ್ಷ ತುಂಬ್ಬೇಕು. ಅದಕ್ಕೆ ಮುಂಚೆ ಬಿಟ್ರೆ ಕಂಪನೀಲಿ ಪಾಲು ಸಿಗಲ್ವಂತೆ. ಕ್ಲಿಫ್ ಅಂತಾರೆ, ಬೆಟ್ಟದ ಅಂಚಂತೆ."

"ನಮ್ಮ ವಯಸ್ಸಿಗೆ ಬೆಳಗ್ಗೆ ಹಾಸಿಗೆಯಿಂದ ಇಳಿಯೋದೇ ಕ್ಲಿಫ್ಫು. ಬಂದ್ಬಿಡೇ."

"ಇಲ್ಲಿ ಎಲ್ಲರೂ ಥ್ಯಾಂಕ್ಯೂ ಅಜ್ಜಿ ಅಂತಾರೆ ಕಣೆ," ಎಂದಳು. ಮರುಕ್ಷಣವೇ ಗಟ್ಟಿಯಾಗಿ, "ಸರಿ ಪುಟ್ಟಾ, ಫೈವ್ ಸ್ಟಾರ್ ಕೊಟ್ಬಿಡು!" ಎಂದು ಫೋನಿಟ್ಟಳು.

ಮೂರು ಕೊಟ್ಟೆ. ಕೆಳಗೆ ಒಂದು ಕಾಮೆಂಟೂ ಬರೆದೆ: ಅಜ್ಜಿಗೆ ಗಮನ ಸಾಲದು, ಸಮಸ್ಯೆ ಕೇಳಿಸಿಕೊಳ್ಳುವ ಮೊದಲೇ ಸಮಾಧಾನ ಹೇಳುತ್ತಾರೆ, ಓಂಕಾಳಿನ ಪ್ರಮಾಣ ತಿಳಿಸುವುದಿಲ್ಲ, ಕಾಮಾ ಇರಬೇಕಾದ ಕಡೆ ಉಸಿರೆಳೆಯುವುದಿಲ್ಲ. ಸ್ನೇಹ ಬೇರೆ, ಕ್ವಾಲಿಟಿ ಬೇರೆ.

ಅವಳನ್ನು ಬಿಡಿಸಿದ್ದು ನಾನಲ್ಲ, ಸ್ಕೇಲ್ ಎಂಬ ಒಂದನ್ನು ಸಾವಿರ ಮಾಡುವ ಹಂಬಲ. ಒಬ್ಬ ಅಜ್ಜಿ ಒಂದು ಸಲಕ್ಕೆ ಒಬ್ಬರ ಜೊತೆ ಮಾತ್ರ ಮಾತಾಡಬಲ್ಲಳು ಎಂಬ ಸಂಗತಿ ಫೌಂಡರುಗಳಿಗೆ ಒಂದು ದಿನ ಹೊಳೆಯಿತು. ರೆಕಾರ್ಡಾದ ಪದ್ಮಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ಅವಳ ಧ್ವನಿಯಲ್ಲೇ ಮಾತಾಡುವ ಎಐ ಅಜ್ಜಿ ಮಾಡಿದರು. ನಾವೆಲ್ಲ ಒಂದೇ ಫ್ಯಾಮಿಲಿ ಎಂದು ಆರಂಭವಾಗಿ ಆಲ್ ದ ಬೆಸ್ಟ್ ಎಂದು ಮುಗಿಯುವ ಮೆಸೇಜು ಪದ್ಮಳ ಫೋನಿಗೆ ಬಂತು. ಕಳಿಸಿದವನು ಅದೇ ಶೆಡ್ಡಿನಲ್ಲಿ, ಪರದೆಯ ಆಚೆ ಕೂತಿದ್ದ.

ಪದ್ಮ ಊಟದ ಮನೆಗೆ ಬಂದು ಕೂತಳು. ಶೆಡ್ಡಿನಿಂದ ಅವಳದೇ ಧ್ವನಿ ಯಾರಿಗೋ "ಏನೂ ಆಗಲ್ಲ ಪುಟ್ಟಾ" ಎನ್ನುತ್ತಿತ್ತು. ಅದನ್ನೇ ಆಲಿಸಿ, "ನನಗಿಂತ ಚೆನ್ನಾಗಿ ಮಾತಾಡುತ್ತೆ ಕಣೆ. ಕೆಮ್ಮೋದೇ ಇಲ್ಲ," ಎಂದಳು. ನಾನು ಏನಾದರೂ ಹೇಳಬೇಕಿತ್ತು, ಆದರೆ ಖುಷಿ ತಡೆಯಲಾರದೆ ಎದ್ದು ಲಿಲ್ಲಿಗೂ ನಾಗರತ್ನಳಿಗೂ ಫೋನು ಮಾಡಿದೆ. ಆಟೋ ತಕ್ಷಣ ಸಿಕ್ಕಿತು, ಧಾರಾವಾಹಿ ಮುಗಿದೇಹೋಗಿತ್ತು. ಎಲೆ ಹಂಚಿದೆವು. ಪದ್ಮ ಮೂಗುಬೊಟ್ಟು ಮುಟ್ಟಿದಳು. ನಾನು ನಂಬಿ ಪಂದ್ಯದ ಕೂಗು ಏರಿಸಿದೆ. ಅವಳ ಕೈಯಲ್ಲಿ ಗುಲಾಮನೇ ಇರಲಿಲ್ಲ.

"ಯಾಕೆ ಮುಟ್ಟಿದೆ?"

"ಕಡೀತಿತ್ತು ಕಣೆ."

"ಇಷ್ಟು ವರ್ಷ ಆಡಿದ್ದೀಯ, ಎಲ್ಲಿ ಕಡೀಬೇಕು ಅಂತ ಗೊತ್ತಾಗಲ್ವಾ?"

ಹೀಗೆ ಒಂದು ವಾರ ಆಡಿದ್ದೆವು, ಒಂದು ಮಧ್ಯಾಹ್ನ ತೇಜಸ್, ಮೇಘಾ ಬಾಗಿಲಲ್ಲಿ ನಿಂತರು. ಎಐ ಅಜ್ಜಿಗೆ ಒಂದು ರೋಗ ಕಾಣಿಸಿಕೊಂಡಿತ್ತು. ಯಾರು ಏನು ಹೇಳಿದರೂ ಒಪ್ಪಿಬಿಡುತ್ತಿತ್ತು. ಕೆಲಸ ಬಿಟ್ಟು ಗಂಡನಿಗೂ ಹೇಳದೆ ಗೋವಾಕ್ಕೆ ಹೋಗುತ್ತೇನೆ ಎಂದ ಒಬ್ಬಳಿಗೆ "ಹೋಗ್ಬಾ ಪುಟ್ಟಾ, ಸ್ವೆಟರ್ ತಗೋ" ಎಂದಿತ್ತಂತೆ. ಗಂಡ ಶೆಡ್ಡಿನ ತನಕ ಬಂದಿದ್ದ.

"ಅದು ಹೇಳಿದ್ರಲ್ಲಿ ತಪ್ಪು ಹುಡುಕಿ ಬೈಯೋರು ಒಬ್ರು ಬೇಕು ಅಜ್ಜಿ," ಎಂದಳು ಮೇಘಾ. "ನಮಗೆ ಬಂದಿರೋದ್ರಲ್ಲಿ ಉಪಯೋಗಕ್ಕೆ ಬರೋ ಫೀಡ್‌ಬ್ಯಾಕ್ ಅಂದ್ರೆ ವೈಟ್‌ಫೀಲ್ಡ್ ಅನನ್ಯಾ ಒಬ್ಬರದ್ದೇ. ಕಾಮಾ ಅಂತ ಬರ್ದಿದ್ರು. ಯಾರು ಅಂತ ಗೊತ್ತಾಯ್ತು."

"ದಿನಾ ಮೂರು ಗಂಟೆಗೆ ಬಂದ್ರೆ ಸಾಕು," ಎಂದ ತೇಜಸ್.

ಮೂವರೂ ಎಲೆ ಕೆಳಗಿಟ್ಟು ನನ್ನನ್ನೇ ನೋಡಿದರು. ನಿಷ್ಠೆಯ ಬಗ್ಗೆ ಪದ್ಮ ಹೋದಾಗಿನಿಂದ ನಾನು ಇವರಿಗೆ ಎದುರಿಗೂ ಫೋನಿನಲ್ಲೂ ಮಾಡಿದ ಭಾಷಣಗಳೆಲ್ಲ ನನಗೆ ನೆನಪಿದ್ದವು. ಅವರಿಗೂ ನೆನಪಿದ್ದ ಹಾಗೆ ಕಾಣಿಸಿತು.

"ಲೆಟ್ ಮಿ ಥಿಂಕ್," ಎಂದೆ. ಯೋಚಿಸಿದೆ. "ಡೆಸಿಗ್ನೇಷನ್ ಏನು?"

ಹಾಗಾಗಿ ಈಗ ನಾನು ಚೀಫ್ ಕ್ವಾಲಿಟಿ ಆಫೀಸರ್. ಮೂರು ಗಂಟೆಗೆ ಬೋಂಡದಂತೆ ಬೇಯುತ್ತಾ ಶೆಡ್ಡಿನಲ್ಲಿ ಕೂತು ಪದ್ಮಳ ಧ್ವನಿಯನ್ನು ಬೈಯುತ್ತೇನೆ. ಅದು ತಿರುಗಿ ಒಂದು ಮಾತೂ ಆಡುವುದಿಲ್ಲ. ಊಟದ ಮನೆಗೆ ನನ್ನ ಬದಲು ಮೇಘಾಳ ತಾಯಿ ಶ್ರೀರಾಂಪುರದಿಂದ ಬರುತ್ತಾರೆ. ಆಟ ಬರುವುದಿಲ್ಲ, ಕಲಿಯುತ್ತಿದ್ದಾರೆ. ನಿನ್ನೆ ಅವರು ಗುಲಾಮನನ್ನು ಕೆಲಸಕ್ಕೆ ಬಾರದ ಎಲೆಯೆಂದು ಎದುರಾಳಿಗೇ ಒಗೆದರೆಂದು ಕಾಣುತ್ತದೆ. ನಾಲ್ವರೂ ಬಿದ್ದು ಬಿದ್ದು ನಗುವುದು ಇಲ್ಲಿಗೇ ಕೇಳಿಸಿತು. ಆ ನಗುವಿನ ನಡುವೆ ಪದ್ಮ, "ಪರವಾಗಿಲ್ಲ ಬಿಡ್ರೀ, ಇಲ್ಲಿ ಈಗ ಬೈಯೋರು ಯಾರೂ ಇಲ್ಲ," ಎಂದಳು. ಎದ್ದು ಹೋಗಿ ನಾಲ್ವರಿಗೂ ಸರಿಯಾಗಿ ಹೇಳಿಬರೋಣ ಎನ್ನಿಸಿತು. ಆದರೆ ಮೀಟಿಂಗು ನಡೆಯುತ್ತಿತ್ತು. ಚೀಫ್ ಆದವಳು ನಡುವೆ ಎದ್ದು ಹೋದರೆ ಚೆನ್ನಾಗಿರುವುದಿಲ್ಲ.